ಟೈಮರ್ ನಿಲ್ಲಿಸಲು ಮರೆತರೆ: ಕೆಲಸದ ಗಂಟೆಗಳ ಲೆಕ್ಕವನ್ನು ಯಂತ್ರಕ್ಕೆ ಎಷ್ಟು ಬಿಡಬಹುದು?

ಓದುಗರ ಪ್ರಶ್ನೆ: ನಾನು ಮೂವರು ಗ್ರಾಹಕರಿಗೆ ಗಂಟೆಯ ಲೆಕ್ಕದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ತಿಂಗಳ ಕೊನೆಯಲ್ಲಿ ನೆನಪಿನಿಂದ ಟೈಮ್‌ಶೀಟ್ ತುಂಬಿ ಸಾಕಾಗಿ, ಕೆಲವು ತಿಂಗಳ ಹಿಂದೆ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಟೈಮ್‌ವಾರಿಯರ್ ಎಂಬ ಕಮಾಂಡ್ ಲೈನ್ ಸಾಧನವನ್ನು ಹಾಕಿಕೊಂಡೆ. ಶುರು ಮಾಡುವುದು ನೆನಪಿರುತ್ತದೆ, ನಿಲ್ಲಿಸುವುದು ಮರೆತುಹೋಗುತ್ತದೆ. ಕಳೆದ ವಾರ ಸಂಜೆ 6.40ಕ್ಕೆ ಶುರು ಮಾಡಿದ ಟೈಮರ್ ರಾತ್ರಿಯಿಡೀ ಓಡಿ, ಬೆಳಿಗ್ಗೆ 9.10ಕ್ಕೆ ನೋಡಿದಾಗ ಹದಿನಾಲ್ಕೂವರೆ ಗಂಟೆ ತೋರಿಸುತ್ತಿತ್ತು. ಅಂದಾಜಿನ ಮೇಲೆ ರಾತ್ರಿ 8ಕ್ಕೆ ಕತ್ತರಿಸಿದೆ. ಗಿಟ್ ಹುಕ್ (ಕೋಡಿನ ಬದಲಾವಣೆಗಳನ್ನು ಕಾಯ್ದಿಡುವ ಗಿಟ್‌ನಲ್ಲಿ ಏನಾದರೂ ನಡೆದಾಗ ತಾನಾಗಿ ಓಡುವ ಸ್ಕ್ರಿಪ್ಟ್) ಮತ್ತು ಕ್ರಾನ್ (ನಿಗದಿಯಾದ ಹೊತ್ತಿಗೆ ಆಜ್ಞೆ ಓಡಿಸುವ ಸೌಲಭ್ಯ) ಬಳಸಿ ಇದನ್ನೆಲ್ಲ ಪೂರ್ತಿ ಸ್ವಯಂಚಾಲಿತ ಮಾಡಬಹುದು ಎಂದು ಸ್ನೇಹಿತರು ಹೇಳುತ್ತಾರೆ. ಹಾಗೆ ಮಾಡಿದರೆ ಫೋನಿನ ಮಾತುಕತೆ, ಕಾಗದದ ಮೇಲೆ ಯೋಚಿಸಿದ ಹೊತ್ತು ಲೆಕ್ಕಕ್ಕೆ ಬರುತ್ತದೆಯೇ? ಇಂಥ ಲೆಕ್ಕವನ್ನು ಗ್ರಾಹಕರು ನಂಬುತ್ತಾರೆಯೇ? ಈಗಾಗಲೇ ಕೆಟ್ಟಿರುವ ನಮೂದುಗಳನ್ನು ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಮರೆವಿನಿಂದ ಲೆಕ್ಕ ಕೆಡುತ್ತಿದೆ ಎಂಬುದು. ಇನ್ನೊಂದು, ಮರೆವಿಗೆ ಮದ್ದೆಂದು ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿದರೆ ಆ ಲೆಕ್ಕ ನಿಮ್ಮದಾಗಿ ಉಳಿಯುತ್ತದೆಯೇ ಎಂಬುದು. ಮೊದಲನೆಯದಕ್ಕೆ ತಾಂತ್ರಿಕ ಪರಿಹಾರ ಇದೆ, ಅದು ಕಷ್ಟದ್ದೂ ಅಲ್ಲ. ಎರಡನೆಯದಕ್ಕೆ ಮಾತ್ರ ಯಾವುದನ್ನು ಯಂತ್ರಕ್ಕೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ಗೆರೆಯನ್ನು ನೀವೇ ಎಳೆದುಕೊಳ್ಳಬೇಕಾಗುತ್ತದೆ. ತಂಡಗಳಿಗೂ ಒಬ್ಬೊಬ್ಬರೇ ಕೆಲಸ ಮಾಡುವವರಿಗೂ ಇಂಥ ವ್ಯವಸ್ಥೆ ಹಾಕಿಕೊಡುತ್ತ ಬಂದಿರುವ ನನ್ನ ಅಭಿಪ್ರಾಯ ಹೀಗಿದೆ: ಕೆಲಸವನ್ನು ಶುರು ಮಾಡಿದೆನೆಂದು ಹೇಳುವುದು ನಿಮ್ಮ ಕೈಯಲ್ಲೇ ಇರಲಿ, ಅದನ್ನು ನಿಲ್ಲಿಸುವ ಹೊಣೆಯನ್ನು ಯಂತ್ರಕ್ಕೆ ಕೊಡಿ, ನಡುವೆ ಉಳಿದ ಖಾಲಿ ಹೊತ್ತು ಏನೆಂಬುದನ್ನು ದಿನಕ್ಕೊಮ್ಮೆ ನೀವೇ ತೀರ್ಮಾನಿಸಿ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ನಿಮ್ಮ ಟೈಮರ್ ಆ ರಾತ್ರಿ ಓಡಲೇ ಇಲ್ಲ. ಟೈಮ್‌ವಾರಿಯರ್‌ನಲ್ಲಿ ಹಿನ್ನೆಲೆಯಲ್ಲಿ ಓಡುವ ಗಡಿಯಾರ ಯಾವುದೂ ಇರುವುದಿಲ್ಲ. ನೀವು ಸ್ಟಾರ್ಟ್ ಎಂದಾಗ ಅದು ತನ್ನ ದತ್ತಾಂಶದ ಫೋಲ್ಡರಿನಲ್ಲಿರುವ ಆ ತಿಂಗಳ ಪಠ್ಯ ಕಡತಕ್ಕೆ ಒಂದು ಸಾಲನ್ನು ಸೇರಿಸಿ ಮುಗಿಸುತ್ತದೆ. ಆ ಸಾಲಿನಲ್ಲಿ ಶುರುವಾದ ಹೊತ್ತು ಇರುತ್ತದೆ, ಯಾವ ಕೆಲಸ ಎಂದು ಗುರುತಿಸಲು ನೀವು ಕೊಟ್ಟ ಟ್ಯಾಗ್ ಇರುತ್ತದೆ, ಮುಗಿದ ಹೊತ್ತು ಇರುವುದಿಲ್ಲ. ಸ್ಟಾಪ್ ಎಂದಾಗ ಅದೇ ಸಾಲಿಗೆ ಎರಡನೆಯ ಹೊತ್ತು ಸೇರುತ್ತದೆ. ನೀವು ಬೆಳಿಗ್ಗೆ ಕಂಡ ಹದಿನಾಲ್ಕೂವರೆ ಗಂಟೆ, ಮುಚ್ಚದೇ ಉಳಿದ ಸಾಲನ್ನು ಆ ಕ್ಷಣದ ಹೊತ್ತಿನಿಂದ ಕಳೆದು ಬಂದ ಉತ್ತರ, ಅಷ್ಟೇ. ಪೈಥಾನ್‌ನಲ್ಲಿ ಬರೆದ ವಾಟ್ಸನ್ ಇರಲಿ, ಲೆಡ್ಜರ್ ಓದುವ ಟೈಮ್‌ಕ್ಲಾಕ್ ಮಾದರಿಯ ಕಡತವಿರಲಿ, ಈಮ್ಯಾಕ್ಸ್‌ನ ಆರ್ಗ್ ಮೋಡ್ ಇರಲಿ, ಇವೆಲ್ಲವೂ ಮೂಲದಲ್ಲಿ ಶುರು ಮತ್ತು ಅಂತ್ಯ ಎಂಬ ಎರಡು ಗುರುತುಗಳನ್ನು ಪಠ್ಯವಾಗಿ ಬರೆದಿಡುವ ಸಾಧನಗಳೇ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಮಸ್ಯೆ ಇರುವುದು ಅಂತ್ಯದ ಗುರುತು ಇಲ್ಲದಿರುವುದರಲ್ಲಿ ಎಂದಾದರೆ, ಆ ಗುರುತನ್ನು ಆಮೇಲೆ ಯಾರು ಬೇಕಾದರೂ, ಯಾವ ಸ್ಕ್ರಿಪ್ಟ್ ಬೇಕಾದರೂ, ಹಿಂದಿನ ಹೊತ್ತನ್ನು ಹಾಕಿ ತುಂಬಬಹುದು. ಸ್ಟಾಪ್ ಆಜ್ಞೆಯ ಜೊತೆಗೆ ಹೊತ್ತನ್ನು ಕೊಟ್ಟರೆ ಟೈಮ್‌ವಾರಿಯರ್ ಆ ಹೊತ್ತಿಗೇ ಅವಧಿಯನ್ನು ಮುಚ್ಚುತ್ತದೆ. ವಾಟ್ಸನ್‌ನಲ್ಲೂ ಅದಕ್ಕೊಂದು ಆಯ್ಕೆ ಇದೆ. ಆದುದರಿಂದ ನಿಮಗೆ ಬೇಕಿರುವುದು ತಕ್ಕ ಕ್ಷಣದಲ್ಲೇ ಕೈ ಹಿಡಿದು ನಿಲ್ಲಿಸುವ ಯಂತ್ರವಲ್ಲ, ನೀವು ಕೊನೆಯದಾಗಿ ಕೆಲಸದ ಮುಂದೆ ಇದ್ದದ್ದು ಯಾವಾಗ ಎಂಬುದನ್ನು ನೆನಪಿಟ್ಟುಕೊಳ್ಳುವ ಯಂತ್ರ.

ನಿಲ್ಲಿಸುವುದೇ ಏಕೆ ಮರೆಯುತ್ತದೆ ಎಂಬುದನ್ನೂ ನೋಡೋಣ, ಏಕೆಂದರೆ ಹೆಚ್ಚಿನವರು ಇದನ್ನು ತಮ್ಮ ಶಿಸ್ತಿನ ಕೊರತೆ ಎಂದುಕೊಂಡು ಸಾಧನವನ್ನೇ ಬಿಟ್ಟುಬಿಡುತ್ತಾರೆ. ಕೆಲಸ ಶುರು ಮಾಡುವಾಗ ನೀವು ಟರ್ಮಿನಲ್ ತೆರೆಯುತ್ತೀರಿ, ಫೋಲ್ಡರಿಗೆ ಹೋಗುತ್ತೀರಿ, ಯಾರ ಕೆಲಸ ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿರುತ್ತದೆ. ಆ ಸರಣಿಯಲ್ಲಿ ಇನ್ನೊಂದು ಆಜ್ಞೆ ಸಲೀಸಾಗಿ ಸೇರಿಕೊಳ್ಳುತ್ತದೆ. ಕೆಲಸ ನಿಲ್ಲುವುದು ಹಾಗಲ್ಲ. ಫೋನ್ ಬರುತ್ತದೆ, ಯಾರೋ ಕರೆಯುತ್ತಾರೆ, ಪರೀಕ್ಷೆಗಳು ಓಡಿ ಮುಗಿಯಲಿ ಎಂದು ಎದ್ದವರು ಮತ್ತೆ ಕೂರುವುದಿಲ್ಲ. ನಿಲ್ಲಿಸುವ ಆಜ್ಞೆ ಕೊಡಬೇಕಾದ ಕ್ಷಣದಲ್ಲಿ ನೀವು ಕೀಲಿಮಣೆಯ ಮುಂದೆಯೇ ಇರುವುದಿಲ್ಲ. ಇದು ಯಾರಿಗಾದರೂ ಆಗುವಂಥದ್ದೇ, ಮತ್ತು ಸಂಕಲ್ಪದಿಂದ ಸರಿಹೋಗುವಂಥದ್ದಲ್ಲ.

ಈಗ ನಿಮ್ಮ ಸ್ನೇಹಿತರು ಹೇಳಿದ ದಾರಿಗೆ ಬರೋಣ. ಗಿಟ್‌ನಲ್ಲಿ ಪೋಸ್ಟ್ ಚೆಕೌಟ್ ಎಂಬ ಹುಕ್ ಇದೆ. ನೀವು ಕೋಡಿನ ಒಂದು ಬ್ರಾಂಚಿನಿಂದ, ಅಂದರೆ ಕವಲಿನಿಂದ, ಇನ್ನೊಂದಕ್ಕೆ ಹೋದಾಗ ಅದು ಓಡುತ್ತದೆ, ಮತ್ತು ಅದಕ್ಕೆ ಮೂರು ಮಾಹಿತಿಗಳು ಸಿಗುತ್ತವೆ: ಹಿಂದಿನ ಕಮಿಟ್ (ಗಿಟ್‌ನಲ್ಲಿ ಉಳಿಸಿಟ್ಟ ಕೋಡಿನ ಒಂದು ಹಂತ), ಈಗಿನ ಕಮಿಟ್, ಹಾಗೂ ಇದು ಬ್ರಾಂಚ್ ಬದಲಾವಣೆಯೇ ಅಥವಾ ಬರೀ ಕಡತವೊಂದನ್ನು ಹಿಂದಕ್ಕೆ ತಂದದ್ದೇ ಎಂದು ತಿಳಿಸುವ ಒಂದು ಅಂಕಿ. ಬ್ರಾಂಚಿನ ಹೆಸರಿನಲ್ಲಿ ಕೆಲಸದ ಸಂಖ್ಯೆ ಇದ್ದರೆ ಅದನ್ನೇ ಟ್ಯಾಗ್ ಮಾಡಿ ಟೈಮರ್ ಶುರು ಮಾಡಬಹುದು. ನೋಡುವುದಕ್ಕೆ ಚೆಂದದ ಉಪಾಯ. ಆದರೆ ಆ ಮೂರನೆಯ ಅಂಕಿಯನ್ನು ನೋಡದೆ ಬರೆದ ಹುಕ್, ಕಡತವೊಂದನ್ನು ಹಿಂದಿನ ರೂಪಕ್ಕೆ ತಂದಾಗಲೂ ಹೊಸ ಅವಧಿ ಶುರು ಮಾಡುತ್ತದೆ. ಅದೇ ಹುಕ್ ಕೋಡನ್ನು ಹೊಸದಾಗಿ ಕ್ಲೋನ್ ಮಾಡಿದಾಗಲೂ (ನಕಲು ಇಳಿಸಿಕೊಂಡಾಗಲೂ) ವರ್ಕ್‌ಟ್ರೀ ಎಂಬ ಇನ್ನೊಂದು ಕೆಲಸದ ಫೋಲ್ಡರ್ ಸೇರಿಸಿದಾಗಲೂ ಓಡಬಲ್ಲದು. ಸಹೋದ್ಯೋಗಿಯ ಕೋಡನ್ನು ಎರಡು ನಿಮಿಷ ನೋಡಿ ಬರಲು ಬ್ರಾಂಚ್ ಬದಲಿಸಿದರೂ ನಿಮ್ಮ ಲೆಕ್ಕ ಆ ಕಡೆಗೆ ತಿರುಗುತ್ತದೆ. ಹುಕ್‌ಗಳು ರೆಪಾಸಿಟರಿಯ (ಒಂದು ಯೋಜನೆಯ ಕೋಡಿನ ಭಂಡಾರದ) ಜೊತೆಗೆ ಪ್ರಯಾಣ ಮಾಡುವುದಿಲ್ಲವಾದ್ದರಿಂದ, ಮೂವರು ಗ್ರಾಹಕರ ಹತ್ತಾರು ರೆಪಾಸಿಟರಿಗಳಲ್ಲಿ ಒಂದೆರಡಕ್ಕೆ ಹುಕ್ ಹಾಕುವುದು ಬಿಟ್ಟುಹೋದರೆ ಅಲ್ಲಿಯ ಕೆಲಸ ಪೂರ್ತಿ ಮಾಯವಾಗುತ್ತದೆ. ಗಿಟ್ 2.9ರಿಂದ ಎಲ್ಲಕ್ಕೂ ಒಂದೇ ಹುಕ್ ಫೋಲ್ಡರ್ ತೋರಿಸುವ ಸೌಲಭ್ಯ ಬಂದಿದೆ. ಆದರೆ ಗ್ರಾಹಕರ ಯೋಜನೆ ತನ್ನದೇ ಹುಕ್‌ಗಳನ್ನು ಇಟ್ಟುಕೊಂಡಿದ್ದರೆ ಅವೆರಡೂ ಡಿಕ್ಕಿಯಾಗುತ್ತವೆ.

ಇವೆಲ್ಲ ಸರಿಪಡಿಸಬಹುದಾದ ತೊಂದರೆಗಳು. ಸರಿಪಡಿಸಲಾಗದ್ದು ಬೇರೆಯೇ ಇದೆ: ಬ್ರಾಂಚ್ ಬದಲಾವಣೆ ಎನ್ನುವುದು ಕೆಲಸದ ಒಂದು ಕುರುಹು ಮಾತ್ರ, ಅದೇ ಕೆಲಸವಲ್ಲ. ನೀವು ಪತ್ರ ಬರೆದ, ದಾಖಲೆ ಓದಿದ, ಗ್ರಾಹಕರ ಸರ್ವರಿನಲ್ಲಿ ದೋಷ ಹುಡುಕಿದ ಹೊತ್ತಿಗೆ ಗಿಟ್‌ನಲ್ಲಿ ಗುರುತೇ ಇರುವುದಿಲ್ಲ. ಹಾಗಾಗಿ ಗಿಟ್ ಹುಕ್ ಅನ್ನು ನಾನು ಟೈಮರ್ ಶುರು ಮಾಡಲು ಬಳಸುವುದಿಲ್ಲ, ಪ್ರಶ್ನೆ ಕೇಳಲು ಬಳಸುತ್ತೇನೆ. ಟೈಮರ್ ಒಬ್ಬ ಗ್ರಾಹಕರ ಹೆಸರಿನಲ್ಲಿ ತೆರೆದಿದ್ದು ನೀವು ಇನ್ನೊಬ್ಬರ ರೆಪಾಸಿಟರಿಯಲ್ಲಿ ಬ್ರಾಂಚ್ ಬದಲಿಸಿದರೆ, ಟರ್ಮಿನಲ್‌ನಲ್ಲಿ ಒಂದು ಸಾಲಿನ ಎಚ್ಚರಿಕೆ ಬಂದರೆ ಸಾಕು.

ಇನ್ನೊಂದು ತುದಿಯಲ್ಲಿರುವುದು ನೀವು ಏನೂ ಮಾಡದೆ ಎಲ್ಲವನ್ನೂ ದಾಖಲಿಸುವ ಸಾಧನಗಳು. ಆಕ್ಟಿವಿಟಿವಾಚ್ ಇವುಗಳಲ್ಲಿ ನಾನು ಸಮಾಧಾನದಿಂದ ಹೆಸರಿಸಬಲ್ಲದ್ದು, ಏಕೆಂದರೆ ಅದು ಮುಕ್ತ ತಂತ್ರಾಂಶ, ಮತ್ತು ದತ್ತಾಂಶವನ್ನು ನಿಮ್ಮ ಯಂತ್ರದಲ್ಲೇ ಇಡುತ್ತದೆ. ಯಾವ ಕಿಟಕಿ ಎಷ್ಟು ಹೊತ್ತು ಮುಂದಿತ್ತು ಎಂಬುದನ್ನೂ ನೀವು ಕೀಲಿಮಣೆಯ ಬಳಿ ಇದ್ದಿರೋ ಇಲ್ಲವೋ ಎಂಬುದನ್ನೂ ಅದು ಬರೆದುಕೊಳ್ಳುತ್ತದೆ. ಮೂರು ನಿಮಿಷ ಏನನ್ನೂ ಮುಟ್ಟದಿದ್ದರೆ ನೀವು ಎದ್ದುಹೋದಿರಿ ಎಂದು ತಿಳಿಯುವುದು ಅದರ ಮೊದಲ ಹೊಂದಿಕೆ. ಈ ಮೂರು ನಿಮಿಷ ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಕಾಗದದ ಮೇಲೆ ಚಿತ್ರ ಬರೆದು ಅರ್ಧ ಗಂಟೆ ಯೋಚಿಸಿದ್ದು ಅದರ ಕಣ್ಣಿಗೆ ಗೈರುಹಾಜರಿ. ಸಂಪಾದಕವನ್ನು ತೆರೆದಿಟ್ಟು ಸುಮ್ಮನೆ ಪುಟ ಹೊರಳಿಸಿದ್ದು ಹಾಜರಿ. ಚಟುವಟಿಕೆಯನ್ನು ಅಳೆಯುವ ಯಾವ ಸಾಧನವೂ ಈ ಮಿತಿಯನ್ನು ದಾಟಲಾರದು. ಆದುದರಿಂದ ಪೂರ್ತಿ ಸ್ವಯಂಚಾಲಿತ ಲೆಕ್ಕವೇ ಹೆಚ್ಚು ಪ್ರಾಮಾಣಿಕ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಹೆಚ್ಚು ನಿಖರವಾಗಿ ಕಾಣುತ್ತದೆ, ನಿಜ. ಆದರೆ ನಿಮಿಷ ಸೆಕೆಂಡುಗಳ ಆ ನಿಖರತೆ ಅಳೆದಿರುವುದು ನಿಮ್ಮ ಬೆರಳುಗಳನ್ನು, ನಿಮ್ಮ ಕೆಲಸವನ್ನಲ್ಲ.

ಇಂಥ ಸಾಧನದ ಇನ್ನೊಂದು ಅಪಾಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಕಿಟಕಿಗಳ ಶೀರ್ಷಿಕೆಗಳು ದಾಖಲಾಗುತ್ತವೆ ಎಂದರೆ ಪತ್ರಗಳ ವಿಷಯ ಸಾಲು, ಕಡತಗಳ ಹೆಸರು, ಒಬ್ಬ ಗ್ರಾಹಕರ ಇನ್ನೂ ಬಹಿರಂಗವಾಗದ ಯೋಜನೆಯ ಹೆಸರು, ನಿಮ್ಮ ಖಾಸಗಿ ಓದು, ಎಲ್ಲವೂ ಒಂದೇ ಕಡೆ ಸೇರುತ್ತವೆ. ಆ ದಾಖಲೆಯನ್ನು ಎಂದೂ ಹಾಗೆಯೇ ಬೇರೆಯವರಿಗೆ ಕಳಿಸಬೇಡಿ, ಕ್ಲೌಡ್ ಫೋಲ್ಡರಿನಲ್ಲೂ ಇಡಬೇಡಿ. ನಿಮ್ಮ ನೆನಪಿಗೆ ಊರುಗೋಲಾಗಿ ಒಂದು ವಾರದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸುವುದಾದರೆ ಅದಕ್ಕೆ ನನ್ನ ಆಕ್ಷೇಪವಿಲ್ಲ.

ಹಾಗಾದರೆ ನಾನು ಸೂಚಿಸುವ ನಡುದಾರಿ ಯಾವುದು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ತಪ್ಪುಗಳಾಗುವುದು ಇದರ ಸಣ್ಣ ವಿವರಗಳಲ್ಲಿಯೇ.

ಪ್ರತಿ ನಿಮಿಷ ಓಡುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ಅದು ಮೊದಲು ಟೈಮ್‌ವಾರಿಯರ್‌ನಲ್ಲಿ ಅವಧಿ ತೆರೆದಿದೆಯೇ ಎಂದು ಕೇಳಬೇಕು. ಈ ಪ್ರಶ್ನೆಗೆ ಒಂದು ಅಥವಾ ಸೊನ್ನೆ ಎಂದು ಉತ್ತರ ಕೊಡುವ ವ್ಯವಸ್ಥೆ ಆ ಸಾಧನದಲ್ಲೇ ಇದೆ. ತೆರೆದಿಲ್ಲವಾದರೆ ಅಲ್ಲಿಗೆ ಮುಗಿಯಿತು. ತೆರೆದಿದ್ದರೆ, ನೀವು ಕೀಲಿಮಣೆ ಅಥವಾ ಮೌಸ್ ಮುಟ್ಟಿ ಎಷ್ಟು ಹೊತ್ತಾಯಿತು ಎಂದು ತಿಳಿದುಕೊಳ್ಳಬೇಕು. ಎಕ್ಸ್11 ಪರದೆ ವ್ಯವಸ್ಥೆಯಲ್ಲಿ ಎಕ್ಸ್‌ಪ್ರಿಂಟ್‌ಐಡಲ್ ಎಂಬ ಸಣ್ಣ ಸಾಧನ ಇದನ್ನು ಮಿಲಿಸೆಕೆಂಡುಗಳಲ್ಲಿ ಹೇಳುತ್ತದೆ. ವೇಲ್ಯಾಂಡ್ ಎಂಬ ಇನ್ನೊಂದು ಪರದೆ ವ್ಯವಸ್ಥೆಯಲ್ಲಿ ಅದನ್ನು ನಂಬಬೇಡಿ. ಗ್ನೋಮ್ ಡೆಸ್ಕ್‌ಟಾಪ್ ಬಳಸುತ್ತಿದ್ದರೆ ಅದರ ಐಡಲ್ ಮಾನಿಟರ್‌ಅನ್ನು ಡಿ-ಬಸ್ (ತಂತ್ರಾಂಶಗಳು ಪರಸ್ಪರ ಸಂದೇಶ ಕಳಿಸುವ ವ್ಯವಸ್ಥೆ) ಮೂಲಕ ಕೇಳಬಹುದು, ಸ್ವೇ ಬಳಸುತ್ತಿದ್ದರೆ ಸ್ವೇಐಡಲ್ ಇದೆ. ಮ್ಯಾಕ್ ಯಂತ್ರದಲ್ಲಿ ಐಒರೆಜ್ ಆಜ್ಞೆಯ ಫಲಿತಾಂಶದಲ್ಲಿ ಇದೇ ಸಂಖ್ಯೆ ನ್ಯಾನೊಸೆಕೆಂಡುಗಳಲ್ಲಿ ಸಿಗುತ್ತದೆ. ಎರಡೂ ಕಡೆ ಕೆಲಸ ಮಾಡುವವರು ಈ ಏಕಮಾನದ ವ್ಯತ್ಯಾಸವನ್ನು ಮರೆಯಬಾರದು.

ಈಗಿನ ಹೊತ್ತಿನಿಂದ ಆ ನಿಷ್ಕ್ರಿಯ ಹೊತ್ತನ್ನು ಕಳೆದರೆ ಬರುವುದು ನಿಮ್ಮ ಕೊನೆಯ ಸ್ಪರ್ಶದ ಹೊತ್ತು. ಸ್ಕ್ರಿಪ್ಟ್ ಇದನ್ನು ಪ್ರತಿ ಬಾರಿಯೂ ಒಂದು ಚಿಕ್ಕ ಕಡತಕ್ಕೆ ಬರೆದಿಡಬೇಕು. ನಿಷ್ಕ್ರಿಯ ಹೊತ್ತು ನೀವು ಇಟ್ಟುಕೊಂಡ ಮಿತಿಯನ್ನು ದಾಟಿದರೆ, ಉದಾಹರಣೆಗೆ 20 ನಿಮಿಷ, ಅವಧಿಯನ್ನು ಮುಚ್ಚಬೇಕು. ಬಹುಪಾಲು ಸ್ಕ್ರಿಪ್ಟುಗಳು ಎಡವುವುದು ಇಲ್ಲಿಯೇ. ಸಂಜೆ 7ಕ್ಕೆ ನೀವು ಎದ್ದಿರಿ, 7.20ಕ್ಕೆ ಸ್ಕ್ರಿಪ್ಟಿಗೆ ಅದು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಬರೀ ಸ್ಟಾಪ್ ಎಂದರೆ ಅವಧಿ 7.20ಕ್ಕೆ ಮುಚ್ಚುತ್ತದೆ, ಇಪ್ಪತ್ತು ನಿಮಿಷ ಪುಕ್ಕಟೆಯಾಗಿ ಬಿಲ್ಲಿಗೆ ಸೇರುತ್ತದೆ. ದಿನಕ್ಕೆ ಮೂರು ಬಾರಿ ಹೀಗಾದರೆ ಒಂದು ಗಂಟೆ. ಆದುದರಿಂದ ಮುಚ್ಚುವಾಗ ಕೊನೆಯ ಸ್ಪರ್ಶದ ಹೊತ್ತನ್ನೇ ಕೊಡಬೇಕು, ಅಂದರೆ 7 ಗಂಟೆ.

ಇಷ್ಟರಿಂದ ನಿಮ್ಮ ಹದಿನಾಲ್ಕೂವರೆ ಗಂಟೆಯ ರಾತ್ರಿ ತಪ್ಪುತ್ತಿತ್ತೇ ಎಂದರೆ, ನೀವು ಲ್ಯಾಪ್‌ಟಾಪ್ ಮುಚ್ಚಿ ಎದ್ದಿದ್ದರೆ ತಪ್ಪುತ್ತಿರಲಿಲ್ಲ. ಮುಚ್ಚಳ ಮುಚ್ಚಿದೊಡನೆ ಯಂತ್ರ ನಿದ್ರಿಸುತ್ತದೆ, ಜೊತೆಗೆ ಸ್ಕ್ರಿಪ್ಟ್ ಕೂಡ. ಬೆಳಿಗ್ಗೆ ತೆರೆದು ಗುಪ್ತಪದ ಒತ್ತುತ್ತಿದ್ದಂತೆ ನಿಷ್ಕ್ರಿಯ ಹೊತ್ತಿನ ಎಣಿಕೆ ಸೊನ್ನೆಗೆ ಬರುತ್ತದೆ. ಆಮೇಲೆ ಎಚ್ಚೆತ್ತ ಸ್ಕ್ರಿಪ್ಟಿಗೆ ಕಾಣುವುದು ಈಗಷ್ಟೇ ಕೀಲಿ ಒತ್ತಿದ ಮನುಷ್ಯ. ನಡುವೆ ಒಂದು ರಾತ್ರಿ ಕಳೆದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಇದಕ್ಕೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ನಿದ್ರೆಗೆ ಮುನ್ನ ಮತ್ತು ನಂತರ ಓಡಿಸುವ ಹುಕ್‌ಗಳನ್ನು ಹಲವರು ಬಳಸುತ್ತಾರೆ. ಅವು ರೂಟ್ ಎಂಬ ಆಡಳಿತಗಾರ ಬಳಕೆದಾರನ ಹೆಸರಿನಲ್ಲಿ ಓಡುತ್ತವೆ ಎಂಬುದನ್ನು ಗಮನಿಸದಿದ್ದರೆ, ಸ್ಟಾಪ್ ಆಜ್ಞೆ ರೂಟ್‌ನ ಫೋಲ್ಡರಿನಲ್ಲಿ ಇಲ್ಲದ ಅವಧಿಯನ್ನು ಹುಡುಕಿ ವಿಫಲವಾಗುತ್ತದೆ, ನಿಮ್ಮ ಅವಧಿ ತೆರೆದೇ ಉಳಿಯುತ್ತದೆ. ಬ್ಯಾಟರಿ ಖಾಲಿಯಾಗಿ ಯಂತ್ರ ಥಟ್ಟನೆ ಆರಿದರಂತೂ ಆ ಹುಕ್ ಓಡುವುದೇ ಇಲ್ಲ.

ನಾನು ಮೆಚ್ಚುವ ವಿಧಾನ ಇದಕ್ಕಿಂತ ಸರಳ. ಸ್ಕ್ರಿಪ್ಟ್ ಪ್ರತಿ ನಿಮಿಷ ಬರೆದಿಡುತ್ತಿರುವ ಆ ಚಿಕ್ಕ ಕಡತ ಇದೆಯಲ್ಲ, ಹೊಸದನ್ನು ಬರೆಯುವ ಮುನ್ನ ಅದರಲ್ಲಿರುವ ಹಳೆಯ ಹೊತ್ತನ್ನು ಓದಲಿ. ಅದಕ್ಕೂ ಈಗಿನ ಹೊತ್ತಿಗೂ ನಡುವೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಅಂತರ ಇದ್ದರೆ, ನಡುವೆ ಯಂತ್ರ ಮಲಗಿತ್ತು, ಆರಿತ್ತು ಅಥವಾ ನೀವು ಇರಲಿಲ್ಲ ಎಂದರ್ಥ. ಮೂರರಲ್ಲಿ ಯಾವುದಾದರೂ ಆಗಲಿ, ಅವಧಿಯನ್ನು ಆ ಹಳೆಯ ಹೊತ್ತಿಗೆ ಮುಚ್ಚಿದರೆ ಸರಿ. ನಿದ್ರೆಯ ಹುಕ್ ಬೇಡ, ರೂಟ್ ಬೇಡ, ಬ್ಯಾಟರಿಯ ಚಿಂತೆಯೂ ಬೇಡ. ಎರಡು ಜಾಗರೂಕತೆ ಮಾತ್ರ ಅಗತ್ಯ. ಆ ಹಳೆಯ ಹೊತ್ತು ತೆರೆದಿರುವ ಅವಧಿಯ ಶುರುವಿಗಿಂತ ಹಿಂದಿನದಾಗಿದ್ದರೆ ಸ್ಕ್ರಿಪ್ಟ್ ಏನನ್ನೂ ಮುಟ್ಟಬಾರದು. ಎರಡನೆಯದು, ನೀವು ಬೆಳಿಗ್ಗೆ ಯಂತ್ರ ತೆರೆದವರೇ ಸ್ಕ್ರಿಪ್ಟ್ ಓಡುವ ಮುನ್ನ ಹೊಸ ಕೆಲಸಕ್ಕೆ ಸ್ಟಾರ್ಟ್ ಕೊಟ್ಟರೆ, ಟೈಮ್‌ವಾರಿಯರ್ ತಾನಾಗಿ ಹಳೆಯ ಅವಧಿಯನ್ನು ಆ ಕ್ಷಣಕ್ಕೆ ಮುಚ್ಚಿ ಹೊಸದನ್ನು ತೆರೆಯುತ್ತದೆ. ಹದಿನಾಲ್ಕೂವರೆ ಗಂಟೆ ಸದ್ದಿಲ್ಲದೆ ದಾಖಲೆಗೆ ಸೇರಿಬಿಡುತ್ತದೆ. ಆದುದರಿಂದ ಸ್ಟಾರ್ಟ್ ಆಜ್ಞೆಯನ್ನು ನೇರವಾಗಿ ಬಳಸದೆ, ಮೊದಲು ಈ ಪರಿಶೀಲನೆಯನ್ನು ಓಡಿಸಿ ಆಮೇಲೆ ಶುರು ಮಾಡುವ ಚಿಕ್ಕ ಶೆಲ್ ಫಂಕ್ಷನ್ ಒಂದನ್ನು ಬರೆದುಕೊಂಡು ಯಾವಾಗಲೂ ಅದನ್ನೇ ಬಳಸಿ.

ಈ ಸ್ಕ್ರಿಪ್ಟನ್ನು ಓಡಿಸಲು ಕ್ರಾನ್ ಸಾಲದೇ ಎಂದು ಕೇಳಬಹುದು. ಸಾಲುತ್ತದೆ, ಆದರೆ ಕ್ರಾನ್ ನಿಮ್ಮ ಲಾಗಿನ್ ಪರಿಸರವನ್ನು ತಿಳಿಯದು. ನಿಮ್ಮ ಮನೆ ಫೋಲ್ಡರಿನೊಳಗೆ ಸ್ಥಾಪಿಸಿದ ಸಾಧನ ಅದರ ಹುಡುಕು ದಾರಿಯಲ್ಲಿ ಇರುವುದಿಲ್ಲ. ಪರದೆ ಯಾವುದು, ಡಿ-ಬಸ್ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಹಾಗಾಗಿ ನಿಷ್ಕ್ರಿಯ ಹೊತ್ತನ್ನು ಕೇಳುವ ಆಜ್ಞೆಯೂ ಪರದೆಯ ಮೇಲೆ ಸೂಚನೆ ತೋರಿಸುವ ಆಜ್ಞೆಯೂ ವಿಫಲವಾಗುತ್ತವೆ. ವಿಫಲವಾದದ್ದನ್ನು ಕ್ರಾನ್ ಸ್ಥಳೀಯ ಅಂಚೆಯಲ್ಲಿ ತಿಳಿಸಲು ಯತ್ನಿಸುತ್ತದೆ. ಲ್ಯಾಪ್‌ಟಾಪುಗಳಲ್ಲಿ ಆ ಅಂಚೆಯನ್ನು ಯಾರೂ ಸಜ್ಜುಗೊಳಿಸಿರುವುದಿಲ್ಲ. ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ವಾರಗಟ್ಟಲೆ ಮೌನವಾಗಿ ಸೋಲುತ್ತಿದ್ದುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬಳಕೆದಾರರ ಮಟ್ಟದ ಸಿಸ್ಟಮ್‌ಡಿ ಟೈಮರ್ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ: ಅದು ನಿಮ್ಮ ಹೆಸರಿನಲ್ಲೇ ಓಡುತ್ತದೆ, ಡಿ-ಬಸ್ ಅದಕ್ಕೆ ಸಿಗುತ್ತದೆ, ದೋಷಗಳು ಜರ್ನಲ್‌ ಎಂಬ ಅದರ ದಾಖಲೆಯಲ್ಲಿ ಉಳಿಯುತ್ತವೆ. ವಾರದ ವರದಿಯಂಥ ಕೆಲಸಕ್ಕೆ ಅದರಲ್ಲಿ ಪರ್ಸಿಸ್ಟೆಂಟ್ ಎಂಬ ಹೊಂದಿಕೆಯನ್ನು ಹಾಕಿದರೆ, ನಿಗದಿಯಾದ ಹೊತ್ತಿಗೆ ಯಂತ್ರ ಆರಿದ್ದರೂ ಮತ್ತೆ ಹತ್ತಿಸಿದಾಗ ತಪ್ಪಿಹೋದದ್ದನ್ನು ಓಡಿಸುತ್ತದೆ. ಸಾಮಾನ್ಯ ಕ್ರಾನ್ ಹಾಗೆ ಮಾಡುವುದಿಲ್ಲ.

ಇಪ್ಪತ್ತು ನಿಮಿಷ ಎಂಬ ಮಿತಿ ಶಾಸನವಲ್ಲ. ಹೆಚ್ಚು ಓದುವ, ಕಾಗದದ ಮೇಲೆ ಯೋಚಿಸುವ ಕೆಲಸವಾದರೆ ಅದನ್ನು ಏರಿಸಿ. ತೀರಾ ಇಳಿಸಿದರೆ ನಿಮ್ಮ ದಿನ ಚೂರುಚೂರಾಗಿ, ಅದನ್ನು ಮತ್ತೆ ಜೋಡಿಸುವುದೇ ಇನ್ನೊಂದು ಕೆಲಸವಾಗುತ್ತದೆ.

ಫೋನ್ ಮಾತುಕತೆ ಮತ್ತು ಯೋಚನೆಯ ಹೊತ್ತಿನ ಪ್ರಶ್ನೆಗೆ ಉತ್ತರ ಈ ಮುಚ್ಚುವಿಕೆಯ ನಂತರ ಬರುತ್ತದೆ. ಯಂತ್ರ ಅವಧಿಯನ್ನು ಮುಚ್ಚಿದಾಗ ಅದು ನೀವು ಕೆಲಸ ಮಾಡಲಿಲ್ಲ ಎಂಬ ತೀರ್ಪು ಕೊಡುತ್ತಿಲ್ಲ, ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ ಎನ್ನುತ್ತಿದೆ. ನೀವು ಹಿಂದಿರುಗಿ ಬಂದಾಗ ಒಂದು ಸೂಚನೆ ತೋರಲಿ: 4.10ರಿಂದ 4.45ರವರೆಗೆ ಖಾಲಿ ಇದೆ. ಅದು ಗ್ರಾಹಕರ ಕರೆಯಾಗಿದ್ದರೆ ಟ್ರ್ಯಾಕ್ ಆಜ್ಞೆಯಿಂದ ಆ ಎರಡು ಹೊತ್ತುಗಳನ್ನು ಕೊಟ್ಟು ಸೇರಿಸಿ, ಕರೆ ಎಂಬ ಟ್ಯಾಗ್ ಹಾಕಿ. ವಿಶ್ರಾಂತಿಯಾಗಿದ್ದರೆ ಹಾಗೆಯೇ ಬಿಡಿ. ಆಗ ಪುರುಸೊತ್ತಿಲ್ಲದಿದ್ದರೆ ಸಂಜೆ ಗ್ಯಾಪ್ಸ್ ಆಜ್ಞೆ ಕೊಟ್ಟರೆ ಆ ದಿನದ ಖಾಲಿ ಹೊತ್ತುಗಳೆಲ್ಲ ಸಾಲಾಗಿ ಬರುತ್ತವೆ. ಇದನ್ನು ಅದೇ ದಿನ ಮಾಡಬೇಕು ಎಂಬುದೊಂದೇ ನಾನು ಬಿಗಿಯಾಗಿ ಹಿಡಿಯುವ ನಿಯಮ. ಮಧ್ಯಾಹ್ನದ ಮೂವತ್ತೈದು ನಿಮಿಷ ಏನಾಯಿತೆಂದು ಸಂಜೆ ನೆನಪಿರುತ್ತದೆ. ಶುಕ್ರವಾರಕ್ಕೆ ಮಂಗಳವಾರದ್ದು ನೆನಪಿರುವುದಿಲ್ಲ, ಆಗ ಬರೆಯುವುದೆಲ್ಲ ಊಹೆ.

ಶೆಲ್‌ನ ಪ್ರಾಂಪ್ಟ್‌ನಲ್ಲಿಯೋ ಟರ್ಮಿನಲ್ ಅನ್ನು ಭಾಗ ಮಾಡಿ ಬಳಸುವ ಟೀಮಕ್ಸ್‌ನ ಕೆಳಪಟ್ಟಿಯಲ್ಲಿಯೋ ಈಗ ತೆರೆದಿರುವ ಟ್ಯಾಗ್ ಕಾಣುವಂತೆ ಮಾಡಿಕೊಂಡರೆ, ಒಬ್ಬರ ಕೆಲಸ ಇನ್ನೊಬ್ಬರ ಹೆಸರಿಗೆ ಹೋಗುವುದು ಬಹಳ ಕಡಿಮೆಯಾಗುತ್ತದೆ. ಹತ್ತು ನಿಮಿಷದ ಕೆಲಸ. ಸ್ಕ್ರಿಪ್ಟ್ ಬರೆಯುವುದಕ್ಕೂ ಮೊದಲು ಇದನ್ನು ಮಾಡಿ. ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಟಾಸ್ಕ್‌ವಾರಿಯರ್ ಬಳಸುವವರಿಗೆ ಇನ್ನೊಂದು ಅನುಕೂಲವಿದೆ: ಅದರ ಕೆಲಸವೊಂದನ್ನು ಶುರು ಮಾಡಿದಾಗ ಟೈಮ್‌ವಾರಿಯರ್ ತಾನಾಗಿ ಶುರುವಾಗುವಂತೆ, ನಿಲ್ಲಿಸಿದಾಗ ನಿಲ್ಲುವಂತೆ ಮಾಡುವ ಸಿದ್ಧ ಹುಕ್ ಇದೆ.

ಇನ್ನು ಗ್ರಾಹಕರ ನಂಬಿಕೆಯ ಮಾತು. ನಿಮಿಷದ ಮಟ್ಟದ ಪಟ್ಟಿ ಕೊಟ್ಟರೆ ನಂಬಿಕೆ ಹೆಚ್ಚುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಬಿಲ್ ಓದುವವರಿಗೆ ಬೇಕಾದದ್ದು ಯಾವ ದಿನ, ಯಾವ ಕೆಲಸಕ್ಕೆ, ಎಷ್ಟು ಹೊತ್ತು, ಅದರಿಂದ ಏನು ಆಯಿತು ಎಂಬ ಒಂದು ಸಾಲು. ಅವಧಿಗೆ ಟ್ಯಾಗ್ ಜೊತೆಗೆ ಟಿಪ್ಪಣಿ ಸೇರಿಸುವ ಸೌಲಭ್ಯವನ್ನು ಬಳಸಿ, ಆ ಸಾಲನ್ನು ಅಂದೇ ಬರೆದಿಡಿ. ಲಾಗಿನ್ ದೋಷ ಎಂದು ಬರೆಯುವುದಕ್ಕಿಂತ, ಗುಪ್ತಪದ ಬದಲಿಸಿದ ಮೇಲೆ ಹಳೆಯ ಸೆಷನ್ ಉಳಿಯುತ್ತಿದ್ದ ದೋಷ ಪತ್ತೆ ಮಾಡಿ ಸರಿಪಡಿಸಿದ್ದು ಎಂದು ಬರೆದದ್ದು ಎರಡು ತಿಂಗಳ ನಂತರವೂ ನಿಮ್ಮ ಪರವಾಗಿ ಮಾತನಾಡುತ್ತದೆ.

ಬಿಡಿ ನಿಮಿಷಗಳನ್ನು ನಿಗದಿತ ಅಳತೆಗೆ ಏರಿಸುವ ಪದ್ಧತಿಯನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಿ. ವಕೀಲರ ಬಿಲ್ಲುಗಳಲ್ಲಿ ಗಂಟೆಯ ಹತ್ತನೆಯ ಒಂದು ಭಾಗ, ಅಂದರೆ ಆರು ನಿಮಿಷದ ಲೆಕ್ಕ ರೂಢಿಯಲ್ಲಿದೆ. ಕಾಲು ಗಂಟೆಯ ಲೆಕ್ಕವೂ ಹಲವೆಡೆ ಇದೆ. ಯಾವುದೇ ಆಗಲಿ, ಸ್ಕ್ರಿಪ್ಟ್ ಪ್ರತಿ ಅವಧಿಯನ್ನೂ ಬೇರೆ ಬೇರೆಯಾಗಿ ಏರಿಸಬಾರದು. ಒಂದೇ ದಿನ ಏಳು ನಿಮಿಷಗಳ ಎಂಟು ಅವಧಿಗಳಿವೆ ಎನ್ನಿ. ನಿಜವಾದ ಮೊತ್ತ 56 ನಿಮಿಷ. ಪ್ರತಿಯೊಂದನ್ನೂ ಕಾಲು ಗಂಟೆಗೆ ಏರಿಸಿದರೆ ಎರಡು ಗಂಟೆ. ಮೇಲೆ ಹೇಳಿದ ಸ್ಕ್ರಿಪ್ಟ್ ದಿನವನ್ನು ಹೆಚ್ಚು ತುಂಡು ಮಾಡುವುದರಿಂದ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ. ದಿನದ ಮೊತ್ತವನ್ನು, ಗ್ರಾಹಕರು ಒಪ್ಪಿದರೆ ವಾರದ ಮೊತ್ತವನ್ನು, ಒಮ್ಮೆ ಮಾತ್ರ ಏರಿಸಿ; ಮೂಲ ದಾಖಲೆಯನ್ನು ಎಂದೂ ಮುಟ್ಟಬೇಡಿ.

ವರದಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಟೈಮ್‌ವಾರಿಯರ್ ತನ್ನ ಕಡತದಲ್ಲಿ ಹೊತ್ತನ್ನು ಸ್ಥಳೀಯ ಗಡಿಯಾರದಂತೆ ಅಲ್ಲ, ಯುಟಿಸಿ ಎಂಬ ಜಾಗತಿಕ ಸಮಯಮಾನದಲ್ಲಿ ಬರೆಯುತ್ತದೆ. ಪ್ರತಿ ಹೊತ್ತಿನ ಕೊನೆಯ ಝಡ್ ಅಕ್ಷರ ಅದರ ಗುರುತು. ಪ್ರಯಾಣ ಮಾಡುವವರಿಗೆ ಇದು ದೊಡ್ಡ ಉಪಕಾರ. ಆದರೆ ಆ ಕಡತವನ್ನು ನೀವೇ ನೇರವಾಗಿ ಓದುವ ಸ್ಕ್ರಿಪ್ಟ್ ಬರೆದರೆ ರಾತ್ರಿಯ ಕೆಲಸ ತಪ್ಪು ದಿನಕ್ಕೆ, ತಿಂಗಳ ಕೊನೆಯ ಕೆಲಸ ತಪ್ಪು ಬಿಲ್ಲಿಗೆ ಹೋಗಬಹುದು. ಕಡತವನ್ನು ಓದುವ ಬದಲು ಎಕ್ಸ್‌ಪೋರ್ಟ್ ಆಜ್ಞೆಯಿಂದ ಜೇಸನ್ ರೂಪದಲ್ಲಿ ತೆಗೆದುಕೊಳ್ಳಿ, ಹೊತ್ತನ್ನು ಸ್ಥಳೀಯಕ್ಕೆ ಪರಿವರ್ತಿಸಿದ ಮೇಲೆಯೇ ದಿನಾಂಕಗಳಾಗಿ ವಿಂಗಡಿಸಿ, ಮಧ್ಯರಾತ್ರಿ ದಾಟಿದ ಅವಧಿಯನ್ನು ಎರಡು ತುಂಡು ಮಾಡಿ.

ದತ್ತಾಂಶದ ಫೋಲ್ಡರನ್ನು ಒಂದು ಗಿಟ್ ರೆಪಾಸಿಟರಿ ಮಾಡಿ, ದಿನಕ್ಕೊಮ್ಮೆ ತಾನಾಗಿ ಕಮಿಟ್ ಆಗುವಂತೆ ಮಾಡಿಡುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಬ್ಯಾಕಪ್ ಕೂಡ ಹೌದು, ಯಾವ ನಮೂದು ಯಾವಾಗ ತಿದ್ದಲ್ಪಟ್ಟಿತು ಎಂಬುದರ ದಾಖಲೆಯೂ ಹೌದು. ಗಿಟ್‌ನ ದಿನಾಂಕಗಳನ್ನು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ಇದನ್ನು ನ್ಯಾಯಾಲಯದ ಸಾಕ್ಷ್ಯ ಎಂದುಕೊಳ್ಳಬೇಡಿ. ನಿಮ್ಮ ಅನುಮಾನಗಳನ್ನು ನೀವೇ ಬಗೆಹರಿಸಿಕೊಳ್ಳಲು ಅದು ಧಾರಾಳವಾಗಿ ಸಾಕು. ಎರಡು ಯಂತ್ರಗಳಲ್ಲಿ ಕೆಲಸ ಮಾಡುವಿರಾದರೆ ಈ ಫೋಲ್ಡರನ್ನು ಕಡತ ಹೊಂದಿಸುವ ಸೇವೆಗಳಿಗೆ ಒಪ್ಪಿಸಬೇಡಿ: ಎರಡೂ ಕಡೆ ಒಂದೇ ತಿಂಗಳ ಕಡತ ಬದಲಾದರೆ ಒಂದರ ಜಾಗದಲ್ಲಿ ಎರಡು ಪ್ರತಿಗಳು ಉಳಿಯುತ್ತವೆ, ಸಾಧನ ಓದುವುದು ಒಂದನ್ನು ಮಾತ್ರ.

ಕೊನೆಯದಾಗಿ ಕೆಟ್ಟಿರುವ ಹಳೆಯ ನಮೂದುಗಳು. ರಾತ್ರಿ 8ಕ್ಕೆ ಅಂದಾಜಿನ ಮೇಲೆ ಕತ್ತರಿಸಿದ್ದು ಅನ್ಯಾಯವೇನಲ್ಲ, ಆದರೆ ಅಂದಾಜಿಗಿಂತ ಉತ್ತಮ ಆಧಾರ ನಿಮ್ಮ ಯಂತ್ರದಲ್ಲೇ ಇರಬಹುದು. ಆ ಸಂಜೆಯ ಗಿಟ್ ಕಮಿಟ್‌ಗಳ ಹೊತ್ತನ್ನು ನೋಡಿ. ರೀಬೇಸ್ ಮಾಡಿದ್ದರೆ (ಹಳೆಯ ಕಮಿಟ್‌ಗಳನ್ನು ಬೇರೊಂದರ ಮೇಲೆ ಮತ್ತೆ ಕೂರಿಸಿದ್ದರೆ) ಕಮಿಟರ್ ದಿನಾಂಕ ಬದಲಾಗಿರುತ್ತದೆ, ಲೇಖಕರ ದಿನಾಂಕ ಸಾಮಾನ್ಯವಾಗಿ ಹಾಗೆಯೇ ಉಳಿದಿರುತ್ತದೆ, ಆದುದರಿಂದ ಎರಡನೆಯದನ್ನು ಹಿಡಿಯಿರಿ. ಜರ್ನಲ್ ಉಳಿದಿದ್ದರೆ ಯಂತ್ರ ನಿದ್ರೆಗೆ ಹೋದ ಹೊತ್ತು ಅದರಲ್ಲಿರುತ್ತದೆ. ನಿಮ್ಮ ಆ ರಾತ್ರಿಗೆ ಇದೇ ಎಲ್ಲಕ್ಕಿಂತ ನೇರವಾದ ಸಾಕ್ಷಿ. ಕಳಿಸಿದ ಪತ್ರಗಳು, ಫೋನಿನ ಕರೆ ಪಟ್ಟಿ, ಶೆಲ್‌ನ ಇತಿಹಾಸದಲ್ಲಿ ಹೊತ್ತು ದಾಖಲಾಗಿದ್ದರೆ ಅದು, ಇವನ್ನೂ ನೋಡಬಹುದು. ಬ್ಯಾಶ್ ಶೆಲ್ ತಾನಾಗಿ ಹೊತ್ತನ್ನು ದಾಖಲಿಸುವುದಿಲ್ಲ. ಹಿಸ್ಟ್‌ಟೈಮ್‌ಫಾರ್ಮ್ಯಾಟ್ ಎಂಬ ಪರಿಸರ ಚರವನ್ನು ಇಂದೇ ಹೊಂದಿಸಿಕೊಂಡರೆ ಮುಂದಕ್ಕೆ ಉಪಯೋಗವಾಗುತ್ತದೆ. ಹೀಗೆ ತಿದ್ದಿದ ಪ್ರತಿ ಅವಧಿಗೂ ಅಂದಾಜು ಎಂಬ ಟ್ಯಾಗ್ ಸೇರಿಸಿ. ಆಧಾರವೇ ಸಿಗದ ಹೊತ್ತನ್ನು ಬಿಲ್ಲಿನಿಂದ ಬಿಟ್ಟುಬಿಡಿ. ಈಗಾಗಲೇ ಕಳಿಸಿದ ಬಿಲ್ಲಿನಲ್ಲಿ ಹೆಚ್ಚು ಗಂಟೆ ಸೇರಿದೆ ಎಂದು ಖಚಿತವಾದರೆ, ಗ್ರಾಹಕರು ಕೇಳುವವರೆಗೆ ಕಾಯದೆ ಮುಂದಿನ ಬಿಲ್ಲಿನಲ್ಲಿ ಅಷ್ಟನ್ನು ಕಳೆದು, ಏಕೆ ಕಳೆದಿರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ.